ಮಂಡಕ್ಕಿ ಭಟ್ಟಿಯ ಮೂರು ಮೂಲೆ ಕರ್ಚಿಕಾಯಿ

ಕುಡತಿನಿಯಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು ಮೇಲೇಳುತ್ತಿದ್ದ ಆ ದಿನಗಳಲ್ಲಿ ಬಳ್ಳಾರಿಯ ಓಣಿ ಓಣಿಗೂ ಹೊಸ ಹೊಸ ಭಾಷೆಗಳು ಬಂದಿಳಿದಿದ್ದವು. ಮಹಡಿಯ ಮೇಲೆ ಎರಡು ಕೋಣೆ ಇದ್ದವರೆಲ್ಲ ಬಾಡಿಗೆಗೆ ಕೊಟ್ಟಿದ್ದರು. ಸಂಜೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತರೆ ಒಡಿಯಾ, ತಮಿಳು, ಬಂಗಾಲಿ ಎಲ್ಲವೂ ಕಿವಿಗೆ ಬೀಳುತ್ತಿತ್ತು. ನೀರಿಗಾಗಿ ಜಗಳ ಮಾತ್ರ ಎಲ್ಲರೂ ತೆಲುಗಿನಲ್ಲೇ ಆಡುತ್ತಿದ್ದರು.

ನಮ್ಮ ಮನೆ ಇದ್ದದ್ದು ಕೌಲ್ ಬಜಾರಿನಲ್ಲಿ. ಅಪ್ಪ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ನುಗಳನ್ನಿಟ್ಟು ಜೀನ್ಸ್ ಪ್ಯಾಂಟ್ ಹೊಲಿಸುತ್ತಿದ್ದ. ನೀಲಿ ದಾರದ ಎಳೆಗಳು ಹಾರಿ ಹಾರಿ ಅನ್ನದ ತಟ್ಟೆಯವರೆಗೂ ಬರುತ್ತಿದ್ದವು. ಪ್ಯಾಂಟಿಗೆ ಹಚ್ಚುವ ತಾಮ್ರದ ಬಣ್ಣದ ಗುಂಡಿಗಳೇ ನಮಗೆ ಕುಂಟಾಬಿಲ್ಲೆ ಆಡುವ ಬಿಲ್ಲೆ. ಅಂಗಳದ ಬೇವಿನ ಮರ ಹೂ ಬಿಡುವ ಹೊತ್ತಿಗೆ ಬಿಸಿಲು ಶುರುವಾಗುತ್ತಿತ್ತು. ನಾನು ಹೇಳಹೊರಟಿರುವುದು ಅಂಥದೊಂದು ಬೇವಿನ ಹೂವಿನ ಕಾಲದ ಮಾತು. ಆಗ ನಾನು ಐದನೇ ಕ್ಲಾಸು.

ನಮ್ಮ ಮಹಡಿಗೆ ಬಂದವರು ಮರಾಠಿ ಸೀಮೆಯ ಠಾಣೆ ಎಂಬ ಊರಿನ ಕಡೆಯವರು. ಬೆನ್ನಿ ಅಂಕಲ್‌ಗೆ ಕುಡತಿನಿಯ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಎಂಜಿನಿಯರ್ ಕೆಲಸ. ಅವರ ಹೆಂಡತಿ ಎಸ್ತೇರ್ ಆಂಟಿ. ಅವರಿಗೊಬ್ಬಳೇ ಮಗಳು, ನನ್ನ ವಯಸ್ಸಿನವಳು. ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದರು. ಅಪ್ಪ ಅಜ್ಜಿಯನ್ನು ಕೇಳದೆಯೇ ಮನೆ ಕೊಟ್ಟುಬಿಟ್ಟಿದ್ದ. ಸಾಮಾನಿನ ಲಾರಿ ಬಾಗಿಲಲ್ಲಿ ನಿಂತಾಗ ಅಜ್ಜಿ ಜಗಲಿಯ ಮೇಲೆ ಕೂತು ವಿಚಾರಣೆಗೆ ಶುರುವಿಟ್ಟಳು.

"ಯಾವ ಮಂದಿಯೋ ಇವರು?"

"ಯೆಹೂದಿ ಅಂತವ್ವಾ."

"ಅಂದ್ರ? ಸಾಬರೇನು?"

"ಅಲ್ಲವ್ವಾ."

"ಕಿರಿಸ್ತಾನರು?"

"ಅವರಿಗಿಂತಾ ಹಳಬರು."

ಅಜ್ಜಿಗೆ ಅದು ಯಾವ ಲೆಕ್ಕಕ್ಕೂ ಸಿಗಲಿಲ್ಲ. "ಯಾರರ ಇರಲಿ, ನಮ್ಮ ಮನಿ ಮ್ಯಾಲ ಖಂಡ ಬೇಯಂಗಿಲ್ಲ, ತತ್ತಿ ಒಡಿಯಂಗಿಲ್ಲ. ಹೇಳಿಬಿಡು" ಎಂದಳು. ಅಪ್ಪ ಮುಜುಗರಪಡುತ್ತ ಹೇಳಿದ. ಬೆನ್ನಿ ಅಂಕಲ್ ನಕ್ಕು ಒಪ್ಪಿಕೊಂಡರು.

ಅಜ್ಜಿಯ ಹೆಸರು ಶರಣಮ್ಮ. ಕುರುಗೋಡು ಅವಳ ತವರು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಯಾರೂ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಹೊರಗಿನವರು ಮಾಡಿದ್ದನ್ನು ಅವಳು ತಿನ್ನುತ್ತಿರಲಿಲ್ಲ. ಎಸ್ತೇರ್ ಆಂಟಿ ಮೇಲಿನಿಂದ ಏನಾದರೂ ಕಳಿಸಿದರೆ ಎರಡೂ ಕೈಯಲ್ಲಿ ತೆಗೆದುಕೊಂಡು, "ಆಮ್ಯಾಲ ತಿಂತೀನವ್ವಾ" ಎಂದು ಒಳಗಿಟ್ಟು, ಆಂಟಿ ಮೆಟ್ಟಿಲು ಹತ್ತಿದ ಮೇಲೆ ನನಗೆ ಕೊಡುತ್ತಿದ್ದಳು. ಆಂಟಿಗೆ ಅದು ಗೊತ್ತಿತ್ತು. ಆದರೂ ಕಳಿಸುವುದನ್ನು ಬಿಟ್ಟಿರಲಿಲ್ಲ.

ಒಂದು ದಿನ ಅಜ್ಜಿ ಯಾವುದೋ ನೆಪ ಮಾಡಿಕೊಂಡು ಮೇಲೆ ಹೋಗಿ ಬಂದವಳು ಅಡುಗೆಮನೆಯಲ್ಲಿ ಅಮ್ಮನಿಗೆ ಪಿಸುಗುಟ್ಟಿದಳು: "ಹಾಲಿನ ಪಾತ್ರಿ ಬ್ಯಾರೆ, ಉಳಿದ ಪಾತ್ರಿ ಬ್ಯಾರೆ ಇಟ್ಟಾಳಬೇ! ಒಂದಕ್ಕೊಂದು ತಾಕಂಗಿಲ್ಲಂತ. ನನಗಿಂತಾ ಮಡಿ ಐತಿ ಆಕೀದು." ಅವಳ ದನಿಯಲ್ಲಿ ಮೆಚ್ಚುಗೆಯೂ ಇತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಅವರ ಮಗಳ ಹೆಸರು ಶೀರಾ. ಅವರ ಪ್ರಾರ್ಥನೆಯ ಭಾಷೆಯಲ್ಲಿ ಹಾಡು ಅಂತ ಅರ್ಥವಂತೆ. ಬಳ್ಳಾರಿಯಲ್ಲಿ ಆ ಅರ್ಥ ಯಾರಿಗೆ ಬೇಕು? ಅಜ್ಜಿ ಮೊದಲ ದಿನವೇ, "ಇದೇನು ಹೆಸರಬೇ, ರವಾ ಹಾಕಿ ಮಾಡ್ತೀವಲ್ಲ, ಆ ಶಿರಾನಾ?" ಎಂದು ಕೇಳಿದ್ದಳು. ಶಾಲೆಯಲ್ಲಿ ಅದು ಇನ್ನೂ ಜೋರಾಯಿತು. ಅವಳು ಕ್ಲಾಸಿನೊಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ "ಒಂದು ಪ್ಲೇಟ್ ಶಿರಾ" ಎಂಬ ಕೂಗು. ಅವಳ ಪಕ್ಕ ಕೂರುತ್ತಿದ್ದ ತಪ್ಪಿಗೆ ನಾನು ಉಪ್ಪಿಟ್ಟು ಆದೆ. ನನಗೆ ನಗು ಬರುತ್ತಿತ್ತು, ಅವಳಿಗೆ ಅಳು. ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದಳು, ಅಜ್ಜಿಯ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು, ಕನ್ನಡವನ್ನೂ ಬೇಗ ಕಲಿತಳು. ಆದರೆ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಳು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ಬೇವಿನ ಮರದ ಕೆಳಗೆ ಅವಳು ಕಾಲಲ್ಲಿ ಮಣ್ಣು ಗೀಚುತ್ತ ಹೇಳಿದಳು: "ಗೌರಿ, ನಾನು ಪರೀಕ್ಷೆ ಮುಗಿದ ಮೇಲೆ ಠಾಣೆಗೆ ಹೋಗ್ತೀನಿ. ಅಲ್ಲೇ ನಮ್ಮ ಆಜಿ ಮನೇಲಿ ಇದ್ದು ಸ್ಕೂಲಿಗೆ ಹೋಗೋದು. ಪಪ್ಪಾ ಹ್ಞೂಂ ಅಂದಿದ್ದಾರೆ."

"ಯಾಕ?"

"ಅಲ್ಲಿ ನನ್ನ ಹೆಸರಿಗೆ ಯಾರೂ ನಗಲ್ಲ. ಅಲ್ಲಿ ನಮ್ಮ ಹಬ್ಬ ಇರುತ್ತೆ. ಇಲ್ಲಿ ನಮ್ಮ ಹಬ್ಬ ಅಂದ್ರೆ ನಾವು ಮೂರೇ ಜನ."

ಆ ರಾತ್ರಿ ಊಟ ಮಾಡಲಿಲ್ಲ ಅನ್ನುವುದಷ್ಟೇ ನೆನಪು. ಅಜ್ಜಿ ಪಕ್ಕಕ್ಕೆ ಎಳೆದುಕೊಂಡು ಕೇಳಿದಾಗ ಎಲ್ಲ ಹೇಳಿ ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ಬೆನ್ನು ಸವರಿದಳು. ಮರುದಿನ ಬೆಳಿಗ್ಗೆ ಮಹಡಿಯ ಕಡೆ ಮುಖ ಮಾಡಿ ಕರೆದಳು.

"ಎಸ್ತಾರಮ್ಮಾ, ಇಲ್ಲಿ ಬಾರವ್ವಾ ಸ್ವಲ್ಪ. ಯಾವ ಹಬ್ಬ ಐತಿ ನಿಮ್ದು?"

ಆಂಟಿ ಕೆಳಗೆ ಬಂದು ಜಗಲಿಯ ತುದಿಯಲ್ಲಿ ಕೂತು, ಅಷ್ಟಿಷ್ಟು ಕನ್ನಡ, ಅಷ್ಟಿಷ್ಟು ಹಿಂದಿ ಸೇರಿಸಿ ವಿವರಿಸಿದರು. ಹಬ್ಬದ ಹೆಸರು ಪೂರಿಮ್. ನಮ್ಮ ಹೋಳಿ ಹುಣ್ಣಿಮೆಯ ಆಸುಪಾಸಿಗೇ ಬರುತ್ತದೆ. ಮಕ್ಕಳು ವೇಷ ಹಾಕುತ್ತಾರೆ, ಹಳೆಯ ಕಥೆ ಓದುತ್ತಾರೆ, ಗದ್ದಲ ಮಾಡುತ್ತಾರೆ, ತಟ್ಟೆಯಲ್ಲಿ ತಿಂಡಿ ತುಂಬಿ ನೆರೆಮನೆಗೆ ಒಯ್ಯುತ್ತಾರೆ. ಠಾಣೆಯಲ್ಲಿ ಹೂರಣದ ಹೋಳಿಗೆಯೇ ಮಾಡುತ್ತಿದ್ದರಂತೆ. ಆದರೆ ಆಂಟಿಯ ಅಕ್ಕ ಇಸ್ರೇಲಿಗೆ ಹೋಗಿ ನೆಲೆಸಿದ ಮೇಲೆ ಅಲ್ಲಿಯ ತಿಂಡಿಯೊಂದನ್ನು ಇವರಿಗೂ ಕಲಿಸಿದ್ದರು. ಮೈದಾ ಹಿಟ್ಟಿನ ಬಿಲ್ಲೆ, ನಡುವೆ ಗಸಗಸೆಯ ಹೂರಣ ಅಥವಾ ಖರ್ಜೂರದ ಹೂರಣ, ಮೂರು ಕಡೆಯಿಂದ ಮಡಚಿ ಮೂರು ಮೂಲೆ ಮಾಡಿ ಸುಡುವುದು. ಶೀರಾಗೆ ಅದೆಂದರೆ ಪ್ರಾಣ.

"ಏನಂತಾರ ಅದಕ?"

"ಹಾಮಾನನ ಕಿವಿ."

"ಯಾರಾಂವ?"

"ಕೆಟ್ಟ ಮಂತ್ರಿ. ನಮ್ಮ ಜನರನ್ನ ಎಲ್ಲರನ್ನೂ ಕೊಲ್ಲಬೇಕು ಅಂತ ರಾಜನಿಗೆ ಹೇಳಿದ. ರಾಣಿ ಎಸ್ತೇರ್ ನಮ್ಮನ್ನ ಬಚಾಯಿಸಿದಳು."

"ಕೆಟ್ಟವನ ಕಿವಿ ಯಾಕ ತಿನ್ನಬೇಕಬೇ? ಹೋಗ್ಲಿ ಬಿಡು. ಹೂರಣ ತುಂಬಿ ಮಡಚೋದು ಅಂದ್ರ ನಮ್ಮ ಕರ್ಚಿಕಾಯೇ ಆತು. ನಾವು ಎರಡು ಮೂಲಿ ಮಾಡ್ತೀವಿ, ನೀವು ಮೂರು. ತತ್ತಿ ಹಾಕ್ತೀರೇನು?"

"ಅಂಡಾ ಬಿಲ್ಕುಲ್ ಇಲ್ಲ, ಅಜ್ಜಿ. ಬೆಣ್ಣೆ, ಸಕ್ಕರೆ, ಮೋಸಂಬಿ ರಸ. ಅಷ್ಟೇ."

"ಹಂಗಿದ್ರ ಗಸಗಸಿ ನನಗ ಕೊಡು. ಮಿಕ್ಸಿಯಾಗ ಅದು ನುಣ್ಣಗ ಆಗಂಗಿಲ್ಲ."

ಆ ವಾರವಿಡೀ ನಮ್ಮ ಮನೆಯಲ್ಲಿ ಹಬ್ಬದ ಗಾಳಿ. ಅಜ್ಜಿ ಗಸಗಸೆಯನ್ನು ಹದವಾಗಿ ಹುರಿದು, ಹಾಲಿನಲ್ಲಿ ನೆನೆಸಿ, ರುಬ್ಬುಗುಂಡಿನ ಮುಂದೆ ಕೂತಳು. ಹುರಿದ ಗಸಗಸೆಯ ಆ ಮಂಪರು ಬರಿಸುವ ವಾಸನೆ ಮುಂದಿನ ಕೋಣೆಯವರೆಗೂ ಹೋಗಿ, ಮಷಿನ್ ತುಳಿಯುವವರು ಕಾಲು ನಿಲ್ಲಿಸಿ, "ಪಾಯಸ ಏನಬೇ ಯಮ್ಮಾ?" ಎಂದು ಕೇಳುತ್ತಿದ್ದರು. ನಾನೂ ಶೀರಾನೂ ಬೆರಳು ಅದ್ದಿ ನೆಕ್ಕಲು ಹೋದರೆ, "ಜಾಸ್ತಿ ತಿಂದ್ರ ಕ್ಲಾಸಿನ್ಯಾಗ ನಿದ್ದಿ ಬರ್ತೈತಿ" ಎಂದು ಕೈಗೆ ಬಡಿಯುತ್ತಿದ್ದಳು. ಅಪ್ಪ ಉಳಿದ ಜೀನ್ಸ್ ತುಂಡುಗಳನ್ನೆಲ್ಲ ಜೋಡಿಸಿ ಶೀರಾಗೆ ರಾಣಿಯ ಲಂಗ ಹೊಲಿದುಕೊಟ್ಟ. ತಿಳಿನೀಲಿ, ಕಡುನೀಲಿ, ಕಪ್ಪು ಪಟ್ಟಿಗಳ ನೆಲ ಗುಡಿಸುವ ಲಂಗ. ಅಂಚಿನ ಸುತ್ತ ತಾಮ್ರದ ಗುಂಡಿಗಳು. ಅದನ್ನು ಹಾಕಿಕೊಂಡು ಅವಳು ಗಿರ್ರನೆ ತಿರುಗಿದಾಗ ಗುಂಡಿಗಳು ಕಿಣಿಕಿಣಿ ಎಂದವು. ಅವಳು ನಕ್ಕದ್ದನ್ನು ನಾನು ಎಷ್ಟೋ ದಿನಗಳ ಮೇಲೆ ನೋಡಿದ್ದು ಆವತ್ತೇ.

ಹಬ್ಬ ಶುರುವಾಗುವುದು ಸಂಜೆಗೆ. ಆ ದಿನ ನಸುಕಿಗೇ ಎದ್ದು ಆಂಟಿ ಹಿಟ್ಟು ಕಲಸಿದರು. ಅಜ್ಜಿ ಪೂಜೆ ಮುಗಿಸಿ ಮೊದಲ ಸಲ ಮಹಡಿಯ ಅಡುಗೆಮನೆಯೊಳಗೆ ಚಕ್ಕಂಬಕ್ಕಲ ಹಾಕಿ ಕೂತಳು. ಆಂಟಿ ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ಬಿಲ್ಲೆ ಕತ್ತರಿಸಿದರು. ನಾವು ಹೂರಣದ ಉಂಡೆ ಇಟ್ಟೆವು. ಅಜ್ಜಿ ಒಂದು ಸಲ ನೋಡಿಕೊಂಡು ಮೂರು ಮೂಲೆ ಮಡಚತೊಡಗಿದಳು. ಕರ್ಚಿಕಾಯಿ ಮಡಚಿ ಪಳಗಿದ ಬೆರಳುಗಳು. ಮೂಲೆಗೆ ಸಣ್ಣ ನೆರಿಗೆ ಹಾಕಿದಳು. ಆಂಟಿ, "ಹಂಗಲ್ಲ ಅಜ್ಜಿ, ಸಾದಾ" ಎಂದರೆ, "ಇರಲಿ ಬಿಡು, ಕಿವಿಗೆ ಬೆಂಡೋಲಿ ಹಾಕಿದಂಗ" ಎಂದಳು. ತಟ್ಟೆ ತಟ್ಟೆ ತುಂಬಿದವು.

ಆಂಟಿ ಠಾಣೆಯಿಂದ ತಂದಿದ್ದ ಓವನ್ನಿನ ಸ್ವಿಚ್ ಒತ್ತಿದರು. ಒಳಗೆ ಕೆಂಪು ದೀಪ ಹತ್ತಿತು. ಬೀದಿಯ ಟ್ರಾನ್ಸ್‌ಫಾರ್ಮರ್ ಕಡೆಯಿಂದ ಢಮ್ ಎಂದಿತು. ಮನೆಯ ಬಲ್ಬುಗಳೆಲ್ಲ ಒಮ್ಮೆ ಹೆಡ್‌ಲೈಟಿನಂತೆ ಉರಿದು ಆರಿದವು. ಓವನ್ನಿನೊಳಗಿಂದ ಸುಟ್ಟ ರಬ್ಬರಿನ ವಾಸನೆಯ ಹೊಗೆ ಬಂತು.

ಕೆಳಗಿನಿಂದ ಅಪ್ಪ ಕೂಗಿದ: "ಕರೆಂಟ್ ಮಾಡೋ ಸಾಹೇಬರ ಮನಿಯಾಗ ಕರೆಂಟಿಲ್ಲ ನೋಡ್ರಿ!" ಯಾರೂ ನಗಲಿಲ್ಲ. ಬೆನ್ನಿ ಅಂಕಲ್ ಆಗಲೇ ಕುಡತಿನಿಗೆ ಹೊರಟುಹೋಗಿದ್ದರು. ಆಂಟಿ ಓವನ್ನಿನ ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದರು. ಶೀರಾ ರಾಣಿಯ ಲಂಗದಲ್ಲೇ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. "ಮೀ ಸಾಂಗಿತಲಂ ಹೋತಂ" ಎಂದಳು. ಹೇಳಿದ್ದೆನಲ್ಲ ಅಂತ. ಅಷ್ಟು ಮರಾಠಿ ನನಗೂ ಅರ್ಥವಾಗುತ್ತಿತ್ತು.

"ಬೇಕರಿಗೆ ಒಯ್ಯೋಣೇನ್ರಿ?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಅಲ್ಲಿ ತತ್ತಿ ಕೇಕ್ ಸುಡ್ತಾರ" ಎಂದಳು ಅಜ್ಜಿ.

"ಅಲ್ಲಿ ಯಾವ ಚರ್ಬಿ ಹಾಕ್ತಾರೋ ಗೊತ್ತಿಲ್ಲ" ಎಂದರು ಆಂಟಿ, ಅದೇ ಹೊತ್ತಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು.

"ಕುರುಗೋಡಾಗ ನನ್ನ ತಮ್ಮನ ಮಂಡಕ್ಕಿ ಭಟ್ಟಿ ಐತಿ. ಅಕ್ಕಿ, ಉಪ್ಪು, ಉಸುಕು ಬಿಟ್ರ ಬ್ಯಾರೆ ಏನೂ ಅದರ ಹತ್ತಿರ ಬಂದಿಲ್ಲ. ಬೆಂಕಿ ಯಾವುದಾದ್ರೂ ಬೆಂಕಿನ. ನಡಿಯವ್ವಾ."

"ಸಾಲಿ?" ಎಂದಳು ಅಮ್ಮ. "ಪರೀಕ್ಷೆ ಬಂದೈತಿ."

"ಒಂದಿನಕ್ಕ ಸಾಲಿ ಓಡಿ ಹೋಗಂಗಿಲ್ಲ."

ಅಪ್ಪ ಜೀನ್ಸ್ ತುಂಬುವ ದೊಡ್ಡ ರಟ್ಟಿನ ಡಬ್ಬಗಳಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಒದ್ದೆ ಬಟ್ಟೆ ಮುಚ್ಚಿ ಕಟ್ಟಿಕೊಟ್ಟ. ಅಜ್ಜಿ, ಆಂಟಿ, ಶೀರಾ, ನಾನು ನಾಲ್ವರೂ ಕುರುಗೋಡು ಬಸ್ ಹತ್ತಿದೆವು. ಶೀರಾ ಲಂಗ ಬಿಚ್ಚಲು ಒಪ್ಪಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಆ ಜೀನ್ಸಿನ ರಾಣಿಯನ್ನೇ ನೋಡುತ್ತಿದ್ದರು. ಕಂಡಕ್ಟರ್ ಡಬ್ಬಗಳನ್ನು ನೋಡಿ, "ಏನೈತಬೇ ಇದರಾಗ? ಲಗೇಜ್ ಆಗ್ತೈತಿ" ಎಂದ.

"ಕಿವಿ" ಎಂದಳು ಅಜ್ಜಿ.

ಅವನು ಮತ್ತೇನೂ ಕೇಳದೆ ಮುಂದೆ ಹೋದ.

ಕಿಟಕಿಯಿಂದ ಬಿಸಿ ಗಾಳಿ. ದಾರಿಯ ಪಕ್ಕದ ಕಣಗಳಲ್ಲಿ ಕೆಂಪು ಮೆಣಸಿನಕಾಯಿ ಹರವಿದ್ದರು. ಅದರ ಘಾಟಿಗೆ ಇಡೀ ಬಸ್ಸು ಸೀನುತ್ತಿತ್ತು. ಅಜ್ಜಿ ತಂಬಿಗೆಯ ನೀರು ಆಂಟಿಯ ಮುಂದೆ ಹಿಡಿದಳು. ಆಂಟಿ ತಲೆ ಅಲ್ಲಾಡಿಸಿದರು.

"ಇವತ್ತು ನಂದು ಉಪವಾಸ, ಅಜ್ಜಿ. ಸಂಜೆ ತನಕ ನೀರು ಭೀ ಇಲ್ಲ. ರಾಣಿ ಎಸ್ತೇರ್ ರಾಜನ ಮುಂದೆ ಹೋಗೋ ಮೊದಲು ಉಪವಾಸ ಮಾಡಿದಳು. ಅದಕ್ಕೆ."

"ಬೆಂಕಿ ಮುಂದ ಕೂಡಾಕ ಹೊಂಟೀದಿ, ನೀರೂ ಕುಡಿಯಂಗಿಲ್ಲೇನು?" ಅಜ್ಜಿ ಆಂಟಿಯ ಒಣಗಿದ ತುಟಿಯನ್ನು ನೋಡಿದಳು. ಬೆಳಗಿನಿಂದ ಅವಳೂ ಏನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ತಂಬಿಗೆಯ ಬಾಯಿ ಮುಚ್ಚಿ ಚೀಲದೊಳಗಿಟ್ಟಳು. ಕುರುಗೋಡು ಬರುವ ತನಕ ಅವಳೂ ಕುಡಿಯಲಿಲ್ಲ.

ಅಜ್ಜಿಯ ತಮ್ಮ ಬಸಣ್ಣ ತಾತನ ಭಟ್ಟಿ ಊರ ಒಳಗೇ, ಹಳೆಯ ಮನೆಯ ಹಿತ್ತಲಲ್ಲಿತ್ತು. ತಗಡಿನ ಚಪ್ಪರ, ಕೆಳಗೆ ಭತ್ತದ ಹೊಟ್ಟು ಉರಿಯುವ ಒಲೆ, ಮೇಲೆ ಉಸುಕು ತುಂಬಿದ ದೊಡ್ಡ ಕಬ್ಬಿಣದ ಬಾಣಲೆ. ಸಿರುಗುಪ್ಪ, ರಾರಾವಿ ಕಡೆಯಿಂದ ಬಂದ ಭತ್ತವನ್ನು ಅಕ್ಕಿ ಮಾಡಿ, ಉಪ್ಪು ನೀರು ಸವರಿ ಒಣಗಿಸಿ, ಕಾದ ಉಸುಕಿಗೆ ಹಾಕಿ ಹುಲಿಗೆಮ್ಮ ಎಂಬಾಕೆ ಉದ್ದನೆಯ ಕೋಲಿನಿಂದ ತಿರುವುತ್ತಿದ್ದಳು. ಚಟಪಟ ಎಂದು ಅರಳಿದ ಮಂಡಕ್ಕಿಯನ್ನು ಜರಡಿಗೆ ಬಾಚಿದರೆ ಉಸುಕು ಕೆಳಗೆ ಬಿದ್ದು ಬೆಳ್ಳಗಿನ ರಾಶಿ ಉಳಿಯುತ್ತಿತ್ತು. ಇನ್ನೂ ಮೂರು ನಾಲ್ಕು ಹೆಂಗಸರು ಚೀಲ ತುಂಬುತ್ತಿದ್ದರು.

ಬಸಣ್ಣ ತಾತ ಮುಂಗೋಪಿ. ಡಬ್ಬಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. "ಇದೇನಕ್ಕಾ? ಇದು ಮಂಡಕ್ಕಿ ಭಟ್ಟಿ. ಕಂಡಕಂಡದ್ದು ಸುಡಾಕ ಬರಂಗಿಲ್ಲ. ದಿನಾ ಮೊದಲ ಹಿಡಿ ಬಸವಣ್ಣಗ ಎತ್ತಿಡ್ತೀವಿ ನಾವು."

"ತತ್ತಿ ಇಲ್ಲ, ಎಣ್ಣಿ ಇಲ್ಲ. ಮಡಚಿದಾಕಿ ನಾನು."

"ಯಾರಿವರು?"

ಅಜ್ಜಿ ಬಾಯಿ ತೆರೆದಳು. ಆದರೆ ಏನೆಂದು ಹೇಳುವುದು? ಅವಳಿಗೇ ಅದು ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಶೀರಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಲ್ಲಿಂದಲೂ ತಿರುಗಿ ಹೋಗಬೇಕೇನೋ ಎಂದು ನಾನು ಡಬ್ಬಗಳನ್ನು ನೋಡಿದೆ.

ಎಸ್ತೇರ್ ಆಂಟಿ ಮಾತ್ರ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಹಿತ್ತಲಿನ ಮೂಲೆಯಲ್ಲಿ, ಹುಣಸೆ ಮರದ ಕೆಳಗೆ, ಅರ್ಧ ಮಣ್ಣಿನಲ್ಲಿ ಹೂತ ಒಂದು ದೊಡ್ಡ ಕಲ್ಲು ಒರಳಿನಂಥದ್ದು ಬಿದ್ದಿತ್ತು. ಅವರು ಅದರ ಹತ್ತಿರ ಹೋಗಿ ಅಂಗೈ ಇಟ್ಟರು.

"ಘಾಣಾ?" ಎಂದರು. "ಅಜ್ಜಿ, ಇದು ಘಾಣಾ ಹೈ ನ?"

"ಹೌದವ್ವಾ, ಗಾಣ. ಎಣ್ಣಿ ಗಾಣ. ನಮ್ಮಪ್ಪನ ಕಾಲದ್ದು. ನಾವು ಗಾಣಿಗರು."

ಆಂಟಿಯ ಕಣ್ಣು ದೊಡ್ಡವಾದವು. ಮಾತು ತಡವರಿಸಿ ತಡವರಿಸಿ ಬಂತು: "ನಾವು ಭೀ! ನಮ್ಮ ಮುತ್ತಜ್ಜ, ಅವರ ಅಪ್ಪ, ಕೊಂಕಣದಲ್ಲಿ, ಸಮುದ್ರದ ಹತ್ತಿರ. ಎಲ್ಲರೂ ಎಣ್ಣೆ ತೆಗೆಯೋರು. ಶನಿವಾರ ನಮಗೆ ದೇವರ ದಿನ, ಗಾಣ ಬಂದ್. ಊರಿನವರು ನಮ್ಮನ್ನ 'ಶನಿವಾರ ತೇಲಿ' ಅಂತಿದ್ರು. ಶನಿವಾರದ ಗಾಣಿಗರು."

ಹುಲಿಗೆಮ್ಮ ಕೋಲು ಹಿಡಿದುಕೊಂಡೇ ಇತ್ತ ತಿರುಗಿದಳು.

"ಗಾಣದ ಮಂದಿಯೇನು!" ಬಸಣ್ಣ ತಾತನ ಹುಬ್ಬು ಬಿಚ್ಚಿಕೊಂಡವು. "ನಾವೂ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡ್ತಿರಲಿಲ್ಲವ್ವಾ. ಸೋಮವಾರ ಗಾಣ ಬಂದ್. ನಿಮ್ದು ಶನಿವಾರ, ನಮ್ದು ಸೋಮವಾರ."

"ವರ್ಷಾತು, ನನ್ನ ಮನಿ ಮ್ಯಾಲ ಗಾಣಿಗರನ್ನ ಇಟ್ಟುಕೊಂಡು ಯಾವ ಮಂದಿ ಯಾವ ಮಂದಿ ಅಂತ ಕೇಳಾಕ ಹತ್ತೀನಲ್ಲ ನಾನು!" ಅಜ್ಜಿ ಹಣೆ ಹಣೆ ಬಡಿದುಕೊಂಡಳು. "ಮೊದಲ ದಿನನ ಹೇಳಬಾರದೇನಬೇ?"

"ನೀವು ಕೇಳಲಿಲ್ಲ" ಎಂದು ಆಂಟಿ ನಕ್ಕರು.

ಆಮೇಲೆ ಭಟ್ಟಿ ನಮ್ಮದಾಯಿತು. ಆದರೆ ಸುಡುವುದು ಹೇಗೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಲಹೆ ಮಾತ್ರ ಎಲ್ಲರ ಹತ್ತಿರವೂ ಇತ್ತು. ಒಂದು ದೊಡ್ಡ ಹಂಡೆಯನ್ನು ಕಾದ ಉಸುಕಿನಲ್ಲಿ ಅರ್ಧ ಹೂಳಿ, ಒಳಗೆ ತಟ್ಟೆ ಇಟ್ಟು ಮುಚ್ಚಿದರು. ತೆಗೆದಾಗ ಮೂರು ಮೂಲೆಯ ಕಿವಿಗಳ ತಳ ಇದ್ದಿಲು, ನೆತ್ತಿ ಹಸಿ ಹಿಟ್ಟು. ಇದು ಕೆಟ್ಟ ಮಂತ್ರಿಯ ಕಿವಿ ಎಂದು ಅಜ್ಜಿಯಿಂದ ಕೇಳಿದ್ದ ಹುಲಿಗೆಮ್ಮ ಒಂದನ್ನು ಎತ್ತಿ ನೋಡಿ, "ಮಂತ್ರಿ ಒಂದ ಕಡಿ ಸತ್ತಾನ, ಇನ್ನೊಂದು ಕಡಿ ಜೀವಂತ ಅದಾನ" ಎಂದಳು. ಶೀರಾ ನಕ್ಕುಬಿಟ್ಟಳು. ಆಂಟಿ ಹಂಡೆಯ ತಳಕ್ಕೆ ಮೂರು ಕಲ್ಲು ಜೋಡಿಸಿ ತಟ್ಟೆಯನ್ನು ಮೇಲಕ್ಕೆತ್ತಿಸಿದರು. ತಾತ ಮುಚ್ಚಳದ ಮೇಲೆ ಕೆಂಡ ಸುರಿದ. ಈ ಸಲ ನೆತ್ತಿ ಕರಿದಾಯಿತು. ಕೆಂಡ ಕಡಿಮೆ ಮಾಡಿದರು, ಹೊಟ್ಟು ಹಿಂದಕ್ಕೆ ಎಳೆದರು, ಉಸುಕು ಬಗೆದರು. ಆಂಟಿಯ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ತಾತ ತನ್ನ ಆ ಮಧ್ಯಾಹ್ನದ ಮಂಡಕ್ಕಿಯ ಆಸೆಯನ್ನೇ ಬಿಟ್ಟು, ಅಂಗಿಯ ತೋಳು ಮಡಚಿ, "ಇನ್ನೊಂದೀಟು ತಡೀರಿ, ಇನ್ನೊಂದೀಟು" ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.

ಮುಂದಿನ ಸಲ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಬೆಣ್ಣೆ, ಮೋಸಂಬಿ, ಬೆಂದ ಗಸಗಸೆ, ಅದರೊಳಗೆ ಸ್ವಲ್ಪ ಭತ್ತದ ಹೊಟ್ಟಿನ ಹೊಗೆ. ಆಮೇಲೆ ಬಣ್ಣ ಕಾಣಿಸಿತು. ಗೋಧಿ ಕಾಳಿನ ಬಣ್ಣ. ಅಜ್ಜಿಯ ನೆರಿಗೆಗಳು ಹಾಗೇ ನಿಂತಿದ್ದವು.

ಈಗ ಯಾರಾದರೂ ರುಚಿ ನೋಡಿ ಒಳಗೆ ಬೆಂದಿದೆಯೇ ಇಲ್ಲವೇ ಎಂದು ಹೇಳಬೇಕಿತ್ತು. ಆಂಟಿಗೆ ಉಪವಾಸ. ನಾನೂ ಶೀರಾನೂ ಆಗಲೇ ಒಂದೊಂದು ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು, "ಭಾಳ ಚಲೋ ಅದಾವು" ಎಂದು ಕುಣಿದೆವು. ಆಂಟಿ ನಂಬಲಿಲ್ಲ. ಮಕ್ಕಳು ಎಲ್ಲದಕ್ಕೂ ಚಲೋ ಅನ್ನುತ್ತಾರೆ. ಅವರು ಒಂದನ್ನು ಮುತ್ತುಗದ ಎಲೆಯ ಮೇಲಿಟ್ಟು ಅಜ್ಜಿಯ ಮುಂದೆ ಹಿಡಿದರು. ವರ್ಷವಿಡೀ ತಾವು ಕಳಿಸಿದ್ದು ಎಲ್ಲಿಗೆ ಹೋಗುತ್ತಿತ್ತೆಂದು ಗೊತ್ತಿದ್ದ ಕೈ ಅದು.

"ಅಜ್ಜಿ, ನೀವು ಹೇಳಬೇಕು. ಬೆಂದಿದೆಯಾ?"

ಅಜ್ಜಿ ಅದನ್ನು ಕೈಗೆ ತೆಗೆದುಕೊಂಡಳು. ಆಮ್ಯಾಲ ತಿಂತೀನಿ ಎನ್ನುತ್ತಾಳೆಂದೇ ನಾನು ಎಣಿಸಿದ್ದೆ. ಅವಳು ತಿರುಗಿಸಿ ನೋಡಿದಳು, ಮೂಸಿದಳು, ಒಂದು ಮೂಲೆ ಮುರಿದಳು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ಬಹಳ ನಿಧಾನವಾಗಿ ಅಗಿದಳು. ಆಮೇಲೆ ಎರಡನೇ ಮೂಲೆ, ಮೂರನೇ ಮೂಲೆ.

"ಬೆಂದೈತಿ" ಎಂದಳು. "ಸಕ್ಕರಿ ಒಂಚೂರು ಕಮ್ಮಿ."

ಆಂಟಿ ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡರು. ಬೆವರೋ ಇನ್ನೇನೋ. "ಮುಂದಿನ ಸಲ ಹಾಕೋಣ" ಎಂದರು.

ಉಳಿದದ್ದೆಲ್ಲ ಬೇಯುವ ತನಕ ಹೆಂಗಸರು ಸುಮ್ಮನೆ ಕೂರುವವರಲ್ಲ. "ಆ ಮಂತ್ರಿ ಕಥಿ ಹೇಳು ರಾಣೆವ್ವಾ" ಎಂದಳು ಹುಲಿಗೆಮ್ಮ. ಶೀರಾ ಹೆದರಿ ನನ್ನ ಹಿಂದೆ ಸರಿದಳು. "ಹೇಳೇ, ನಾನು ಅದೀನಿ" ಎಂದು ಅವಳನ್ನು ಗಾಣದ ಕಲ್ಲಿನ ಮೇಲೆ ಹತ್ತಿಸಿದೆ. ಶಾಲೆಯಲ್ಲಿ ಬಾಯಿಯೇ ಬಿಡದವಳು, ಜೀನ್ಸಿನ ಲಂಗ ಹಿಡಿದುಕೊಂಡು, ಕನ್ನಡದಲ್ಲಿ ಶುರು ಮಾಡಿದಳು. ಮೊದಮೊದಲು ಪಿಸುಮಾತು. ಹಾಮಾನ್ ಎಂಬ ಹೆಸರು ಬಂದಾಗಲೆಲ್ಲ ಗದ್ದಲ ಮಾಡಿ ಆ ಹೆಸರು ಕೇಳಿಸದಂತೆ ಮಾಡಬೇಕು ಎಂದು ಅವಳು ಹೇಳಿದ್ದೇ ತಡ, ಹುಲಿಗೆಮ್ಮ ಖಾಲಿ ಎಣ್ಣೆ ಡಬ್ಬ ಎತ್ತಿಕೊಂಡಳು. ಒಬ್ಬಳು ಜರಡಿಗೆ ಕೋಲು ಬಡಿದಳು. ತಾತ ಹಂಡೆಯ ಮುಚ್ಚಳಕ್ಕೆ ಇಕ್ಕಳದಿಂದ ಬಾರಿಸಿದ. ಕಥೆ ಮುಂದೆ ಹೋದಂತೆ ಅವಳ ದನಿ ಏರಿತು. ರಾಣಿ ರಾಜನ ಮುಂದೆ ನಿಂತು ತನ್ನ ಜನ ಯಾರೆಂದು ಹೇಳುವ ಜಾಗ ಬಂದಾಗ ಯಾರೂ ಡಬ್ಬ ಮುಟ್ಟಲಿಲ್ಲ. ಹುಲಿಗೆಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು. ಆಮೇಲೆ ಮಂತ್ರಿ ಸಿಕ್ಕಿಬಿದ್ದ. ಆ ಗದ್ದಲಕ್ಕೆ ಪಕ್ಕದ ಮನೆಯವರು ಗೋಡೆ ಹತ್ತಿ ಇಣುಕಿದರು.

"ಏನು ಹೆಸರಬೇ ನಿಂದು?" ಎಂದು ಗೋಡೆಯ ಮೇಲಿನಿಂದ ಯಾರೋ ಕೇಳಿದರು.

"ಶೀರಾ!" ಎಂದು ಅವಳು ಕೂಗಿದಳು. ಯಾರಾದರೂ ನಗುತ್ತಾರೋ ಎಂದು ಸುತ್ತ ನೋಡಿದಳು.

"ಚಂದ ಐತಿ ಹೆಸರು. ಶಿರಾ ಅಂದ್ರ ಯಾರಿಗೆ ಬ್ಯಾಡ?" ಎಂದಳು ಹುಲಿಗೆಮ್ಮ. ಎಲ್ಲರೂ ನಕ್ಕರು. ಮೊದಲು ನಕ್ಕದ್ದು ಶೀರಾ.

ಭಟ್ಟಿಯ ಹೆಂಗಸರಿಗೆ, ತಾತನಿಗೆ, ಗೋಡೆಯ ಆಚೆಯವರಿಗೆ ಹಂಚಿ ಉಳಿದದ್ದನ್ನು ಡಬ್ಬಕ್ಕೆ ತುಂಬಿಕೊಂಡು ಸಂಜೆಯ ಬಸ್ ಹತ್ತಿದೆವು. ಬಳ್ಳಾರಿಯ ಗುಡ್ಡ ಕಾಣುವ ಹೊತ್ತಿಗೆ ಕತ್ತಲಾಗುತ್ತ ಬಂದು, ಮೊದಲ ಚುಕ್ಕಿಗಳು ಕಂಡವು. ಅಜ್ಜಿ ಚೀಲದಿಂದ ತಂಬಿಗೆ ತೆಗೆದು ಆಂಟಿಗೆ ಕೊಟ್ಟಳು. ಆಂಟಿ ಗಟಗಟ ಕುಡಿದರು. ಡಬ್ಬದಿಂದ ಒಂದು ಕಿವಿ ತೆಗೆದು ಕಚ್ಚಿ, "ಅಜ್ಜಿ, ಸಕ್ಕರೆ ಸರಿಯಾಗೇ ಇದೆ" ಎಂದರು. ಇಬ್ಬರ ನಡುವೆ ಆ ವ್ಯಾಜ್ಯ ಓಣಿ ತಲುಪುವ ತನಕ ನಡೆಯಿತು. ಶೀರಾ ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಅರ್ಧ ನಿದ್ದೆಯಲ್ಲಿ ಅಮ್ಮನಿಗೆ ಮರಾಠಿಯಲ್ಲಿ ಏನೋ ಹೇಳಿದಳು. ಆಂಟಿ ನನಗೆ ಕನ್ನಡದಲ್ಲಿ ಹೇಳಿದರು: "ಮುಂದಿನ ವರ್ಷ ಗೌರಿಗೆ ಭೀ ಲಂಗ ಬೇಕಂತೆ."

ಅವಳು ಠಾಣೆಗೆ ಹೋಗಲಿಲ್ಲ. ರಜೆಗೆ ಹೋಗಿ ಬಂದಳು, ಅಷ್ಟೇ. ಶಾಲೆಯಲ್ಲಿ ಶಿರಾ ಎಂದು ಕೂಗಿದವರಿಗೆಲ್ಲ, "ಒಂದು ಪ್ಲೇಟ್ ಸಾಕೇನ್ರಿ?" ಎಂದು ತಿರುಗಿ ಕೇಳತೊಡಗಿದಳು. ಸ್ವಲ್ಪ ದಿನದಲ್ಲಿ ಕೂಗುವವರಿಗೇ ಬೇಸರವಾಯಿತು. ಬೆನ್ನಿ ಅಂಕಲ್‌ನ ಗುತ್ತಿಗೆ ಮುಗಿದು ಅವರು ಊರು ಬಿಡುವ ತನಕ ಪ್ರತಿ ವರ್ಷವೂ ಡಬ್ಬ ಹೊತ್ತು ಕುರುಗೋಡಿಗೆ ಹೋದೆವು. ಅಂಕಲ್ ಓವನ್ ರಿಪೇರಿ ಮಾಡಿಸಿಯೇ ಇಟ್ಟಿದ್ದರು. ಯಾರೂ ಅದರ ಮಾತೇ ಎತ್ತಲಿಲ್ಲ.

ಈಗ ಅಜ್ಜಿ ಇಲ್ಲ, ಬಸಣ್ಣ ತಾತನೂ ಇಲ್ಲ. ಆ ಭಟ್ಟಿ ಮುಚ್ಚಿ ಬಹಳ ಕಾಲವಾಯಿತು. ಮಂಡಕ್ಕಿ ಈಗ ಮಷಿನ್ನಿನಲ್ಲಿ ಅರಳುತ್ತದೆ. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಅಡುಗೆಮನೆಯ ಕಟ್ಟೆಯ ಮೇಲೆ ನನ್ನದೇ ಓವನ್ ಇದೆ, ಕರೆಂಟ್ ಹೋದರೆ ಇನ್ವರ್ಟರ್ ಇದೆ. ಶೀರಾ ಠಾಣೆಯಲ್ಲಿ ನರ್ಸ್. ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಇಬ್ಬರೂ ಫೋನನ್ನು ಗೋಡೆಗೆ ಒರಗಿಸಿಟ್ಟುಕೊಂಡು ಹಿಟ್ಟು ಕಲಸುತ್ತೇವೆ, ನಗುತ್ತೇವೆ. ನನ್ನವು ಒಂದೇ ಬಣ್ಣದಲ್ಲಿ ಬೇಯುತ್ತವೆ. ಒಂದೂ ಕರಿಯಾಗುವುದಿಲ್ಲ, ಒಂದೂ ಹಸಿ ಉಳಿಯುವುದಿಲ್ಲ. ಯಾರನ್ನೂ ಏನೂ ಕೇಳಬೇಕಾಗಿಯೂ ಇಲ್ಲ.

ಕಳೆದ ವರ್ಷ ಒಂದು ತಟ್ಟೆ ತುಂಬಿಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ. ಎರಡು ವರ್ಷದಿಂದ ಅಲ್ಲಿ ಇರುವವರು. ಒಬ್ಬ ಹೆಂಗಸು ಬಾಗಿಲನ್ನು ಅರ್ಧ ತೆರೆದು ತಟ್ಟೆಯನ್ನೂ ನನ್ನನ್ನೂ ನೋಡಿದಳು.

"ನಾವು ಏನೂ ಆರ್ಡರ್ ಮಾಡಿಲ್ಲರಿ" ಎಂದಳು.